ಗಣಪತಿಗೊಂದು ಮೊಳೆ

ಬೇರೆಯವರಿಗೆ ಬುದ್ಧಿ ಹೇಳಿ ಸಂಬಳ ತೆಗೆದುಕೊಳ್ಳುವ ಕೆಲಸದಲ್ಲಿ ಒಂದು ಅಪಾಯವಿದೆ. ಹೇಳಿದ್ದನ್ನೆಲ್ಲ ನಾವೂ ಪಾಲಿಸುತ್ತಿದ್ದೇವೆ ಎಂಬ ನಂಬಿಕೆ ನಮಗೇ ಬಂದುಬಿಡುತ್ತದೆ. ನಾನು ಡ್ರೋಹೆಡಾ ಎಂಬ ಪರದೇಶದ ಊರಿನ ಆಸ್ಪತ್ರೆಯಲ್ಲಿ ಶ್ವಾಸಕೋಶದ ಡಾಕ್ಟರು. ಮೈಸೂರಿನಲ್ಲಿ ಓದಿ ಇಲ್ಲಿಗೆ ಬಂದು ಹದಿನಾರು ವರ್ಷವಾಯಿತು. ಅಷ್ಟೂ ವರ್ಷ ಎದುರಿಗೆ ಕೂತ ಪ್ರತಿ ರೋಗಿಗೂ ತಪ್ಪದೆ ಕೇಳಿದ ಪ್ರಶ್ನೆ ಒಂದಿದೆ: "ಆಸ್ಬೆಸ್ಟಾಸ್ ಇರುವ ಕಡೆ ಕೆಲಸ ಮಾಡಿದ್ದೀರಾ?" ಅದರ ಪುಡಿ ಎದೆಗೆ ಹೋದರೆ ಎಷ್ಟೋ ವರ್ಷದ ಮೇಲೂ ಕ್ಯಾನ್ಸರ್ ತರಬಲ್ಲದು. ಛಾವಣಿ ಹೊದಿಸಿದವರು, ಬಾಯ್ಲರ್ ರಿಪೇರಿ ಮಾಡಿದವರು, ಹಡಗು ಕಟ್ಟಿದವರು, ಯಾರನ್ನೂ ಬಿಟ್ಟಿಲ್ಲ. ಹೌದು ಎಂದವರಿಗೆ "ಮಾಸ್ಕ್ ಹಾಕಿಕೊಂಡಿದ್ದಿರಾ?" ಎಂದು ಹುಬ್ಬು ಗಂಟಿಕ್ಕಿ ಗದರಿದ್ದೂ ಉಂಟು. ಹೋದ ವರ್ಷ ನಾವೇ ಒಂದು ಹಳೆಯ ಕಟ್ಟಡಕ್ಕೆ ಮಾಲೀಕರಾಗುವವರೆಗೆ ಆಸ್ಬೆಸ್ಟಾಸ್ ಎಂದರೆ ನನ್ನ ಪಾಲಿಗೆ ಪರರ ಎದೆಯಲ್ಲಿರುವ ವಸ್ತು.

ನನ್ನ ಹೆಂಡತಿ ಸುಮಾ ಹಲ್ಲಿನ ಡಾಕ್ಟರು. ಹನ್ನೆರಡು ವರ್ಷ ಬೇರೆಯವರ ಕ್ಲಿನಿಕ್ಕುಗಳಲ್ಲಿ ದುಡಿದು, ತನ್ನದೇ ಒಂದು ಬಾಗಿಲು, ಅದರ ಮೇಲೆ ತನ್ನದೇ ಒಂದು ಬೋರ್ಡು ಬೇಕೆಂಬ ಆಸೆಯಿಂದ ಆ ಕಟ್ಟಡವನ್ನು ಆರಿಸಿದವಳು ಅವಳೇ. ಮೊದಲು ಬಟ್ಟೆ ಅಂಗಡಿಯಾಗಿ, ಆಮೇಲೆ ಯಾರದೋ ಆಫೀಸಾಗಿ ಮುಚ್ಚಿಹೋಗಿದ್ದ ಕಟ್ಟಡ. ಕೊಂಡ ಮೇಲೆ ನಮ್ಮ ವಕೀಲರ ಕಾಗದ ಬಂತು: ಜನ ಕೆಲಸ ಮಾಡುವ ಹಳೆಯ ಕಟ್ಟಡದಲ್ಲಿ ಆಸ್ಬೆಸ್ಟಾಸ್ ಇದೆಯೋ ಇಲ್ಲವೋ ತಿಳಿದುಕೊಳ್ಳುವುದು ಮಾಲೀಕರ ಕಾನೂನುಬದ್ಧ ಹೊಣೆ; ಸರ್ವೆ ಮಾಡಿಸಬೇಕು, ಎಲ್ಲಿದೆ ಎಂದು ರಿಜಿಸ್ಟರಿನಲ್ಲಿ ಬರೆದಿಡಬೇಕು, ಕೆಲಸಕ್ಕೆ ಬಂದವರಿಗೆ ಮೊದಲೇ ತಿಳಿಸಬೇಕು. ನಾನು ಅದನ್ನು ಶ್ರದ್ಧೆಯಿಂದ ಓದಿ, ಅಷ್ಟೇ ಶ್ರದ್ಧೆಯಿಂದ ಡ್ರಾಯರಿನಲ್ಲಿಟ್ಟು ಮರೆತೆ. ಹಿಂದೊಮ್ಮೆ ಎರಡು ವರ್ಷ ಎಕ್ಸ್‌ರೇ ತಪ್ಪಿಸಿಕೊಂಡಿದ್ದ ಅಜ್ಜನೊಬ್ಬ ನನಗೆ ಹೇಳಿದ್ದ, "ನೀವು ನೋಡುವ ತನಕ ನಾನು ಚೆನ್ನಾಗೇ ಇದ್ದೆ ಡಾಕ್ಟರ್." ಅವನಿಗೆ ಅರ್ಧ ಗಂಟೆ ಉಪನ್ಯಾಸ ಕೊಟ್ಟಿದ್ದೆ. ಈಗ ನೋಡಿದರೆ ಅವನ ತರ್ಕವೇ ನನಗೆ ಬಹಳ ಸಮಂಜಸವಾಗಿ ಕಂಡಿತು. ಹುಡುಕಿದರೆ ತಾನೇ ಸಿಗುವುದು?

ನನ್ನ ತರ್ಕಕ್ಕೆ ಕಲ್ಲು ಹಾಕಿದವನು ಬಿಲ್ಡರ್ ಡೆಕ್ಲನ್. ಒಳಗಿನ ಅಡ್ಡಗೋಡೆ ಒಡೆಯಲು ಬಂದವನು ಸುತ್ತಿಗೆಯನ್ನು ಚೀಲದಿಂದ ತೆಗೆಯಲೇ ಇಲ್ಲ. "ಸರ್ವೆ ರಿಪೋರ್ಟ್ ಎಲ್ಲಿ?" ಎಂದ. ನಾನು ಹಲ್ಲು ಕಿರಿದೆ. "ಅದು ಬರುವ ತನಕ ನಾನು ಮುಟ್ಟುವುದಿಲ್ಲ, ನೀವೂ ಮುಟ್ಟಬೇಡಿ. ಒಂದು ಸ್ಕ್ರೂ ಕೂಡ," ಎಂದು ಹೇಳಿ ಟೀ ಕುಡಿದು ಹೊರಟುಹೋದ. ಸುಮಾ ನನ್ನ ಕಡೆ ತಿರುಗಿ, "ಏನ್ರೀ, ಊರೋರಿಗೆಲ್ಲಾ ಟೆಸ್ಟ್ ಮಾಡ್ಸಿ ಅಂತೀರಾ, ನಮ್ಮ ಕಟ್ಟಡಕ್ಕೆ ಮಾತ್ರ ಯಾಕೆ ಬೇಡ?" ಎಂದಳು. ಅವಳೇ ಫೋನ್ ಮಾಡಿ ಮಂಗಳವಾರಕ್ಕೆ ಸರ್ವೆಯವರನ್ನು ಗೊತ್ತು ಮಾಡಿದಳು. ಕ್ಲಿನಿಕ್ಕಿನ ಆರಂಭಕ್ಕೆ ಆಗಲೇ ದಿನ ಹೇಳಿಬಿಟ್ಟಿದ್ದಳು; ಒಂದು ವಾರ ತಡವಾದರೂ ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಅದಕ್ಕೆ ಮೊದಲು ಶುಕ್ರವಾರ ಬಂತು. ಕೆಲಸ ಶುರುವಾಗುವ ಮುಂಚೆ ಒಂದು ಪುಟ್ಟ ಪೂಜೆ ಆಗಲೇಬೇಕೆಂದು ಬೆಂಗಳೂರಿನಿಂದ ಅತ್ತೆಯವರ ಆಜ್ಞೆ. ವಿಡಿಯೋ ಕಾಲಿನಲ್ಲಿ ಅವರೇ ನಿರ್ದೇಶಕರು. ಗಣಪತಿಯ ಫೋಟೋವನ್ನು ನಾನು ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದು ಅವರಿಗೆ ಒಪ್ಪಿಗೆಯಾಗಲಿಲ್ಲ. "ಅಳಿಯಂದ್ರೇ, ದೇವ್ರನ್ನ ಹಾಗೆ ಒರಗಿಸ್ತಾರಾ? ಬಾಗಿಲ ಮೇಲೆ ಒಂದು ಮೊಳೆ ಹೊಡೀರಿ," ಎಂದರು. ಸುಮಾ ಹಣ್ಣು ತರಲು ಹೊರಗೆ ಹೋಗಿದ್ದಳು. ಡೆಕ್ಲನ್ ಹೇಳಿದ್ದು ನೆನಪಿತ್ತು. ಆದರೆ ಅವನು ಹೇಳಿದ್ದು ಕಟ್ಟಡದ ಕೆಲಸದ ಬಗ್ಗೆ, ದೇವರ ಕೆಲಸದ ಬಗ್ಗೆಯಲ್ಲ ಎಂದು ನಾನು ಅರ್ಥ ಮಾಡಿಕೊಂಡೆ. ಇಂಥ ಅರ್ಥ ನಮ್ಮಂಥವರಿಗೆ ಮಾತ್ರ ಹೊಳೆಯುವುದು. ಬಾಗಿಲ ಮೇಲೆ ಬೂದುಬಣ್ಣದ, ಶೀಟಿನಂಥ ಹಲಗೆ ಇತ್ತು. ಮೊಳೆ ನಿಲ್ಲಲಿಲ್ಲ. ಪಕ್ಕದಲ್ಲಿ ಹೊಡೆದೆ, ಅಲ್ಲೂ ಪುಡಿಪುಡಿ. ಐದನೆಯ ಕಡೆ ನಿಂತಿತು. ಫೋಟೋ ತಗುಲಿಸುವ ಮುಂಚೆ, ತೂತುಗಳ ಸುತ್ತ ಕೂತಿದ್ದ ಬಿಳಿ ಪುಡಿಯನ್ನು, ಓದುಗರೇ, ಶ್ವಾಸಕೋಶದ ಡಾಕ್ಟರಾದ ನಾನು "ಉಫ್" ಎಂದು ಬಾಯಿಂದ ಊದಿದೆ.

ಕೆಳಗೆ ಹೂವಿನ ತಟ್ಟೆ ಹಿಡಿದು ನಿಂತಿದ್ದ ನಮ್ಮ ಮಗಳು ಅದಿತಿಗೆ ಹನ್ನೊಂದು ವರ್ಷ. ಕನ್ನಡ ಎಲ್ಲವೂ ಅರ್ಥವಾಗುತ್ತದೆ, ಉತ್ತರ ಮಾತ್ರ ಇಲ್ಲಿಯ ರಾಗದ ಇಂಗ್ಲಿಷಿನಲ್ಲಿ. "ಡ್ಯಾಡ್, ನೀನು ಯಾವಾಗಲೂ ಬೈಯುವ ಆ ಪುಡಿ ಇದೇ ಅಲ್ಲವಾ?" ಎಂದು ಅವಳು ಕೇಳಿದಾಗ ಗಣಪತಿಯನ್ನು ಹೇಗೋ ಮೊಳೆಗೆ ತಗುಲಿಸಿ ಕೆಳಗಿಳಿದೆ. ಒಮ್ಮೆ ಉಸಿರಾಡಿದ್ದರಿಂದ ಅಪಾಯ ತೀರಾ ಕಡಿಮೆ ಎಂದು ಎಷ್ಟೋ ಜನರಿಗೆ ಸಮಾಧಾನ ಹೇಳಿದ್ದೇನೆ. ಮಗಳು ಅಲ್ಲಿ ನಿಂತಿದ್ದಾಗ ಆ ಸಮಾಧಾನ ನನಗೆ ಸಾಲಲಿಲ್ಲ. ನಿಜಕ್ಕೂ ಹೆದರಿದೆ. ಅವಳನ್ನು ಹೊರಗೆ ಕಳಿಸಿ, ನಾನೂ ಹೊರಬಂದು ಬಾಗಿಲು ಹಾಕಿದೆ. ಅತ್ತೆಯವರಿಗೆ ನೆಟ್‌ವರ್ಕ್ ಇಲ್ಲ ಎಂದೆ.

ಮಂಗಳವಾರ ಸರ್ವೆಗೆ ಬಂದ ಈಫಾ ಎಂಬ ಹೆಂಗಸು ಮಾಸ್ಕ್ ಹಾಕಿಕೊಂಡು, ಏಣಿ ಟಾರ್ಚು ಹಿಡಿದು ಮೂಲೆಮೂಲೆ ನೋಡಿದಳು. ಆಮೇಲೆ ಫೈಲು ತೆರೆದು ಕೇಳಿದಳು, "ಇತ್ತೀಚೆಗೆ ಯಾರಾದರೂ ಕೊರೆದಿದ್ದು, ಮೊಳೆ ಹೊಡೆದಿದ್ದು?" ಪಕ್ಕದಲ್ಲಿ ಸುಮಾ ಇದ್ದಳು. "ಇಲ್ಲ... ಅಂದರೆ, ಒಂದೇ ಒಂದು ಸಣ್ಣ ಮೊಳೆ," ಎಂದೆ. ಈಫಾ ಏಣಿ ಹತ್ತಿ ಗಣಪತಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, "ಐದು," ಎಂದು ಬರೆದುಕೊಂಡಳು. "ಎಲ್ಲರೂ ಒಂದೇ ಅಂತಾರೆ," ಎಂದು ಸೇರಿಸಿದಳು. ದಿನಕ್ಕೆಷ್ಟು ಸಿಗರೇಟು ಎಂದು ಕೇಳಿದಾಗ ನನ್ನ ರೋಗಿಗಳು ಹೇಳುವ ಲೆಕ್ಕವೂ ಹೀಗೆಯೇ.

ಲ್ಯಾಬಿನ ವರದಿ ಬಂತು. ಹಲಗೆಯಲ್ಲಿ ಆಸ್ಬೆಸ್ಟಾಸ್ ಇತ್ತು. ಬಿಳಿ ದಿರಿಸಿನವರು ಬಂದು ಕೋಣೆಗೆ ಪ್ಲಾಸ್ಟಿಕ್ ಸುತ್ತಿ, ಹಲಗೆ ಬಿಚ್ಚಿ, ಗಣಪತಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಹಿಂದಿರುಗಿಸಿದರು. ಕ್ಲಿನಿಕ್ಕಿನ ಆರಂಭ ಆರು ವಾರ ಮುಂದೆ ಹೋಯಿತು. ಸುಮಾ ಬೈಯಲಿಲ್ಲ, ಅದೇ ಕಷ್ಟ. "ಜಿಪಿ ಡಾಕ್ಟ್ರ ಹತ್ರ ಹೋಗಿ, ಪುಡಿ ಕುಡಿದಿದ್ದು ದಾಖಲೆ ಮಾಡ್ಸಿ. ಅದಿತಿದೂ ಮಾಡ್ಸಿ. ಅಲ್ಲಿ ತನಕ ರಿಬ್ಬನ್ ಕಟ್ ಮಾಡೋಕೆ ನೀವು ಬರ್ಬೇಡಿ," ಎಂದಳು.

ಹೋದೆವು. ನಮ್ಮ ಜಿಪಿ, ಎಂದರೆ ಕುಟುಂಬದ ಡಾಕ್ಟರು, ರಜೆಯಲ್ಲಿದ್ದರು. ಬದಲಿಗೆ ಬಂದಿದ್ದ ಹುಡುಗಿಗೆ ನನ್ನ ಗುರುತಿಲ್ಲ. ನಾನು ಡಾಕ್ಟರೆಂದು ಹೇಳಿಕೊಳ್ಳುವ ಮುಖವೂ ನನಗಿರಲಿಲ್ಲ. ಅವಳು ನಮ್ಮಿಬ್ಬರದೂ ಬರೆದುಕೊಂಡು, "ಚಿಂತೆ ಬೇಡ, ಮಗಳಿಗೂ ಏನೂ ಆಗುವುದಿಲ್ಲ," ಎಂದಳು. ಅದೇ ಮಾತನ್ನು ನಾನು ಹೇಳಿದಾಗ ನಂಬದ ಅದಿತಿ ಅವಳು ಹೇಳಿದಾಗ ನಂಬಿದಳು. ನಾನೂ ನಂಬಿದೆ. ನಾವು ಏಳುವಾಗ ಆ ಡಾಕ್ಟರ್ ಹುಡುಗಿ ದನಿ ತಗ್ಗಿಸಿ ಹೇಳಿದಳು, "ಆದರೂ ಮನಸ್ಸಿಗೆ ಸಮಾಧಾನ ಇಲ್ಲದಿದ್ದರೆ ಆಸ್ಪತ್ರೆಯ ಎದೆ ಕ್ಲಿನಿಕ್ಕಿಗೆ ಕಳಿಸುತ್ತೇನೆ. ಅಲ್ಲೊಬ್ಬ ಇಂಡಿಯನ್ ಡಾಕ್ಟರು ಇದ್ದಾರಂತೆ. ಕೆಲಸ ಚೆನ್ನಾಗಿ ಗೊತ್ತು, ಸ್ವಲ್ಪ ಬೈಯುತ್ತಾರಂತೆ, ಅಷ್ಟೆ."

"ಬೇಡ ಡಾಕ್ಟರೇ," ಎಂದೆ, "ಆ ಮನುಷ್ಯನ ಮುಂದೆ ಕೂತು ಐದು ತೂತು ಅಂತ ಹೇಳುವುದು ನನ್ನಿಂದಾಗುವುದಿಲ್ಲ."