ಹುಳುಮನೆಯ ಅಣಬೆ

ನಮ್ಮ ಸೋದರಮಾವನ ತಲೆಯಲ್ಲಿ ಅಣಬೆ ಬೆಳೆದಿದೆ ಎಂದು ಶಿಡ್ಲಘಟ್ಟದವರು ಆಡಿಕೊಳ್ಳುತ್ತಿದ್ದರು. ಶುದ್ಧ ಸುಳ್ಳು! ಅಣಬೆ ಬೆಳೆದದ್ದು ಅವನ ಹುಳುಮನೆಯಲ್ಲಿ. ಅಣಬೆಯೂ ಬೂಷ್ಟಿನ ಜಾತಿಯೇ, ಬೂಷ್ಟೆಂದರೆ ರೇಷ್ಮೆಹುಳುವಿಗೆ ಸಾವು. ಊರಿಗೆ ಊರೇ ಅದಕ್ಕೆ ಹೆದರಿ ಸುಣ್ಣ ಚೆಲ್ಲುತ್ತಿರುವಾಗ, ಈ ಮಹಾಶಯ ಹುಳು ಸಾಕುವುದನ್ನೇ ಬಿಟ್ಟು ಬೂಷ್ಟು ಸಾಕಲು ಕೂತರೆ ಜನ ಇನ್ನೇನನ್ನಬೇಕು?

ಕಾರಣ ನಮ್ಮಮ್ಮ. ತೊಂಬತ್ತರ ದಶಕದ ಶುರುವಿನಲ್ಲಿ ಅವಳ ಎದೆಯಲ್ಲೊಂದು ಗಂಟು ಕಾಣಿಸಿತು. ಕ್ಯಾನ್ಸರ್, ಬೇಗ ಆಪರೇಷನ್ ಆಗಬೇಕು ಎಂದರು ಡಾಕ್ಟರು. ಅಷ್ಟರಲ್ಲಿ ಮಾವ ಯಾವುದೋ ಅಣಬೆ ಬೇಸಾಯದ ತರಬೇತಿಗೆ ಹೋಗಿ, ಒಂದು ಜಾತಿಯ ಔಷಧಿ ಅಣಬೆಯಿಂದ ಕ್ಯಾನ್ಸರ್ ಕಣಗಳನ್ನು ಕೊಲ್ಲುವ ಅಂಶಗಳನ್ನು ವಿಜ್ಞಾನಿಗಳು ಬೇರ್ಪಡಿಸಿದ್ದಾರೆಂದು ಕೇಳಿ ಬಂದ. ಸೀಸೆಯಲ್ಲಿ ಅದರ ಬೀಜವನ್ನೂ ತಂದ.

"ಅಕ್ಕಾ, ಕತ್ರಿಗಿತ್ರಿ ಏನೂ ಬೇಡ. ಮೂರು ತಿಂಗ್ಳು ತಡ್ಕೋ."

ಆಸ್ಪತ್ರೆಯೆಂದರೆ ನಡುಗುವ ಅಮ್ಮನಿಗೆ ಬೇಕಿದ್ದದ್ದೇ ಅದು. "ನನ್ ತಮ್ಮ ಬೆಳೀತಾನಲ್ಲ, ಇನ್ಯಾಕೆ ಆಪರೇಷನ್ನು?" ಎಂದು ಕೂತುಬಿಟ್ಟಳು. ಗಂಟು ಬೆಳೆಯದೆ ಕೂರಬೇಕಲ್ಲ! ಅಣಬೆ ಮೊದಲು ಬೆಳೆಯುತ್ತದೋ ಗಂಟು ಮೊದಲೋ ಎಂದು ನಾನು ದಿನಾ ನೋಡುತ್ತಿದ್ದೆ.

ಹಿಪ್ಪುನೇರಳೆ ಕಡ್ಡಿಯ ಪುಡಿ ತುಂಬಿ ಅಣಬೆ ಬೀಜ ಹಾಕಿದ ಚೀಲಗಳಿಗೆ ಮಾವನ ಉಪಚಾರವೋ ಉಪಚಾರ. ಒಳಗೆ ಯಾರೂ ಕೆಮ್ಮುವಂತಿಲ್ಲ! ಅತ್ತೆ ಒಮ್ಮೆ ಸೀನಿದ್ದಕ್ಕೆ ಒಂದು ವಾರ ಮಾತು ಬಿಟ್ಟ.

"ನಾನೂ ಒಂದು ಚೀಲದೊಳಗೆ ಕೂತ್ಕೋತೀನಿ, ಆಗ್ಲಾದ್ರೂ ತಿರುಗಿ ನೋಡ್ತಾರೇನೋ" ಎಂದಳು ಅತ್ತೆ.

ಎರಡು ತಿಂಗಳಿಗೆ ಚೀಲಗಳ ತುಂಬ ಬೆಳ್ಳನೆಯ ಎಳೆ ಹಬ್ಬಿತು. ಮಾವ ಸಂಭ್ರಮದಿಂದ ಕುಣಿದ. ಮರುದಿನವೇ ಅಜ್ಜಿ ಬಂದಳು. ಚಿಕ್ಕಮ್ಮನ ಬಾಣಂತನಕ್ಕೆಂದು ಕೈವಾರದಲ್ಲಿದ್ದ ಅವಳಿಗೆ ಅಮ್ಮನ ಕಾಯಿಲೆಯನ್ನೂ ಹೇಳಿರಲಿಲ್ಲ, ಅಣಬೆಯನ್ನೂ ಹೇಳಿರಲಿಲ್ಲ. ಬಂದವಳೇ ಹುಳುಮನೆ ಬಾಗಿಲು ತೆಗೆದಳು. ಹುಳು ಸಾಕಿಯೇ ಮುದುಕಿಯಾದವಳ ಕಣ್ಣಿಗೆ ಕಂಡದ್ದು ಹುಳುಗಳನ್ನು ಬಿಳಿ ಮಾಡಿ ಕೊಲ್ಲುವ ರೋಗ.

"ಅಯ್ಯೋ ದೇವುಡಾ, ಸುಣ್ಣಕಟ್ಟು!"

ಚೀಲಗಳನ್ನೆಲ್ಲ ಸೀಳಿ, ಸುಣ್ಣ ಸುರಿದು, ಬ್ಲೀಚಿಂಗ್ ಪುಡಿ ಎರಚಿ ಬಾಗಿಲು ಜಡಿದಳು. ಮಾವ ಬರುವಷ್ಟರಲ್ಲಿ ಒಂದು ಎಳೆಯೂ ಉಳಿದಿರಲಿಲ್ಲ.

ಈಗ ಅವನ ಕೂಗಿಗೆ ಮನೆಯ ಸೂರೇ ಹಾರಿಹೋಗುತ್ತದೆ ಎಂದು ನಾವೆಲ್ಲ ಗೋಡೆಗೊರಗಿ ನಿಂತೆವು. ಅವನು ಕೂಗಲಿಲ್ಲ. ಅಮ್ಮನ ಎದುರು ಕುಸಿದು ಕೂತ.

"ಅಕ್ಕಾ, ತಪ್ಪಾಯ್ತು. ಅವತ್ತೇ ಆ ತರಬೇತಿ ಮೇಷ್ಟ್ರು ಹೇಳಿದ್ರು, ಇದೆಲ್ಲ ಇನ್ನೂ ಪರೀಕ್ಷೇಲೇ ಇದೆ, ಆಪರೇಷನ್ ಮಾತ್ರ ನಿಲ್ಲಿಸ್ಬೇಡಿ ಅಂತ. ನಾನೇ ಮುಚ್ಚಿಟ್ಟೆ. ನಿನ್ನ ಆ ಟೇಬಲ್ ಮೇಲೆ ಮಲಗ್ಸೋದು ನೆನೆಸ್ಕೊಂಡ್ರೆ ನಂಗೆ ಕೈಕಾಲೇ ಆಡಲ್ಲ."

ಎರಡು ತಿಂಗಳು! ನನಗೆ ಅವನನ್ನು ಹೊಡೆಯುವಷ್ಟು ಸಿಟ್ಟು ಬಂತು. ಅಮ್ಮ ಅವನ ತಲೆ ಸವರಿದಳು.

"ಅಳ್ಬೇಡ ಕಣೋ. ನಾಳೆ ಮೊದಲ್ನೇ ಬಸ್ಸಿಗೇ ಹೋಗಣ. ನೀನು ಹೊರಗೆ ಕೂತಿರು, ಒಳಗೆ ನಾನು ನೋಡ್ಕೋತೀನಿ."