ಮುಂದಿನ ಸಾಲಿನ ಕಣ್ಣೀರು

ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆ ಕಟ್ಟಿದವರ ಮನೆಯಲ್ಲಿ ಪಿಟೀಲು ಇರಲಿಲ್ಲವೆಂದು ಕಾಣುತ್ತದೆ. ನಮ್ಮ ಮನೆಯಲ್ಲಿ ಇತ್ತು. ಅದನ್ನು ನುಡಿಸಲು ನಾನೂ ಇದ್ದೆ. ಹಾಗಿರುವಾಗ ಕಾಲು ಉಳುಕಿಸಿಕೊಂಡು ಮಂಚ ಹಿಡಿದ ಗಂಡನನ್ನು ಬರೀ ಮಾತ್ರೆ, ಮುಲಾಮುಗಳ ಕೈಗೊಪ್ಪಿಸಿ ಸುಮ್ಮನಿರಲು ನನಗೇನು ಹುಚ್ಚೇ? ಸಂಗೀತದಿಂದಲೇ ಇವರನ್ನು ಎಬ್ಬಿಸಿ ನಿಲ್ಲಿಸುತ್ತೇನೆ ಎಂದು ಪ್ರತಿಜ್ಞೆ ಮಾಡಿಬಿಟ್ಟೆ!

ಇವರು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಊರವರ ಪಾರ್ಸಲು ತೂಗುವವರು. ಅಲ್ಲಿಯ ಮೆಟ್ಟಿಲ ಮೇಲೆ ಜಾರಿ ಬಿದ್ದು ಮನೆಗೆ ತಾವೇ ಒಂದು ಪಾರ್ಸಲಿನಂತೆ ಬಂದರು. ಡಾಕ್ಟರು ಪಾದಕ್ಕೆ ಅಂಟುವ ಪಟ್ಟಿ ಸುತ್ತಿ, ಎರಡು ವಾರ ಕಾಲು ನೆಲಕ್ಕೆ ತಾಗಿಸಬಾರದು, ಮನಸ್ಸನ್ನು ಉಲ್ಲಾಸವಾಗಿಟ್ಟುಕೊಳ್ಳಬೇಕು ಎಂದರು. ಕಾಲು ಡಾಕ್ಟರದ್ದು, ಉಲ್ಲಾಸ ನನ್ನದು ಎಂದು ನಾನು ಅಲ್ಲೇ ಕೆಲಸ ಹಂಚಿಕೊಂಡೆ.

ನನ್ನ ಈ ಧೈರ್ಯಕ್ಕೆ ಕಾರಣವಿತ್ತು. ನನ್ನ ಪಿಟೀಲು ಕೇಳಿ ಇವರು ಅಳುತ್ತಿದ್ದರು. ಸುಮ್ಮನೆ ಕಣ್ಣು ತೇವವಾಗುವುದಲ್ಲ, ಧಾರಾಕಾರ! ನಾನು ಮಹಡಿಯ ಕೋಣೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ವರ್ಷಕ್ಕೊಮ್ಮೆ ಆ ಮಕ್ಕಳ ಜೊತೆ ನಾನೂ ವೇದಿಕೆ ಹತ್ತುತ್ತೇನೆ. ಆಗೆಲ್ಲ ಮುಂದಿನ ಸಾಲಿನ ನಡುಮಧ್ಯೆ ಕೂತು, ದೊಡ್ಡ ಕರವಸ್ತ್ರ ಹಿಡಿದು, ಮೂಗು ಒರೆಸುತ್ತ, ಕಣ್ಣು ಒತ್ತುತ್ತ ಕೇಳುವುದು ಇವರ ವಾಡಿಕೆ. ಮಕ್ಕಳ ತಂದೆತಾಯಂದಿರು ಇವರಿಗೆ 'ರಸಿಕರು' ಎಂದೇ ಹೆಸರಿಟ್ಟಿದ್ದರು. ನನಗೆ ಪ್ರಶಸ್ತಿಗಳು ಬಂದಿಲ್ಲ. ಅದಕ್ಕೆ ಬೇಸರವೂ ಇರಲಿಲ್ಲ. ಕರವಸ್ತ್ರ ಹಿಂಡಿದರೆ ನೀರು ಬರುವಂಥ ಗಂಡ ಎಷ್ಟು ಜನರಿಗಿರುತ್ತಾನೆ?

ನಮ್ಮ ಮದುವೆ ಆಗಿದ್ದೇ ಆ ಕಣ್ಣೀರಿನಿಂದ. ಆಗ ನಾನು ಒಂದು ಅಚ್ಚುಕೂಟದ ಮೇಲಿದ್ದ ಸಂಗೀತ ಶಾಲೆಯಲ್ಲಿ ಕಲಿಯುತ್ತಿದ್ದೆ. ಕೆಳಗೆ ಯಂತ್ರ ತಿರುಗಿದರೆ ಮೇಲೆ ನಮ್ಮ ಹಲಗೆಯ ನೆಲ ಸಣ್ಣಗೆ ಅದುರುತ್ತಿತ್ತು. ಮಸಿಯ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಬೆಂಚುಗಳ ಕಾಲಿಗೆ ಕಾಗದ ಮಡಿಸಿ ಇಟ್ಟಿದ್ದರೂ ಯಾರಾದರೂ ಅಲುಗಿದರೆ ಅವು ಕಿರ್ ಎನ್ನುತ್ತಿದ್ದವು. ಶನಿವಾರ ಸಂಜೆ ಶಿಷ್ಯರು ಒಬ್ಬೊಬ್ಬರಾಗಿ ನುಡಿಸಬೇಕು, ಯಾರು ಬೇಕಾದರೂ ಬಂದು ಕೇಳಬಹುದು. ಬರುತ್ತಿದ್ದವರು ನಮ್ಮ ನಮ್ಮ ಮನೆಯವರೇ. ಅವರೂ ನಮ್ಮನ್ನು ಕರೆದುಕೊಂಡು ಹೋಗಲು ಬರುತ್ತಿದ್ದರೇ ಹೊರತು ಕೇಳಲು ಅಲ್ಲ.

ಅಂಥ ಒಂದು ಶನಿವಾರ ಅಚ್ಚುಕೂಟಕ್ಕೆ ಏನೋ ಕೆಲಸಕ್ಕೆ ಬಂದಿದ್ದ ಇವರು ಮೇಲೆ ಹತ್ತಿ ಬಂದರು. ಮುಂದಿನ ಬೆಂಚು ಮಾತ್ರ ಖಾಲಿಯಿತ್ತು, ಅಲ್ಲಿ ಕೂತರು. ನಾನು ಒಂದು ನಿಧಾನದ ರಾಗ ಎತ್ತಿಕೊಂಡೆ. ಕಮಾನು ನಾಲ್ಕು ಸಲ ಎಳೆಯುವಷ್ಟರಲ್ಲಿ ನೋಡುತ್ತೇನೆ, ಬಿಳಿ ಅಂಗಿಯ ಆ ತೆಳ್ಳನೆಯ ಯುವಕ ಅಳುತ್ತಿದ್ದಾನೆ! ನಮ್ಮ ಮೇಷ್ಟ್ರು ನುಡಿಸಿದಾಗಲೂ ಆ ಬೆಂಚುಗಳಲ್ಲಿ ಯಾರೂ ಅತ್ತಿದ್ದನ್ನು ನಾನು ಕಂಡಿರಲಿಲ್ಲ. ಮುಂದಿನ ಶನಿವಾರವೂ ಬಂದರು, ಮತ್ತೂ ಅತ್ತರು. ಮದುವೆಯಾದರೆ ಈ ಮನುಷ್ಯನನ್ನೇ ಎಂದು ಮನೆಯಲ್ಲಿ ಹೇಳಿಬಿಟ್ಟೆ. ಅಳುವ ಗಂಡಸನ್ನು ನಂಬಬಾರದು ಕಣೇ ಎಂದು ಅಮ್ಮ ಗಾದೆ ಹೇಳಿದಳು. ಅಂಚೆ ಚೀಟಿ ಅಂಟಿಸುವವನ ಜೊತೆ ಏನು ಸುಖ ಕಾಣುತ್ತೀ ಎಂದು ಅಕ್ಕ ಮೂಗು ಮುರಿದಳು. ಅವಳ ಗಂಡನಿಗೆ ಕಾರಿತ್ತು. ಆಮೇಲೆ ಎಷ್ಟೋ ವರ್ಷ ಅಕ್ಕ ಕಾರಿನ ಸುದ್ದಿ ಎತ್ತಿದಾಗಲೆಲ್ಲ ನಾನು ಕೇಳುತ್ತಿದ್ದುದು ಒಂದೇ ಮಾತು, ಭಾವ ಯಾವತ್ತಾದರೂ ನಿನಗಾಗಿ ಅತ್ತಿದ್ದಾರಾ? ಅಕ್ಕನ ಬಾಯಿ ಅಲ್ಲಿಗೆ ಬಂದ್.

ಇಷ್ಟು ಹಿನ್ನೆಲೆಯುಳ್ಳ ನಾನು ಚಿಕಿತ್ಸೆ ಆರಂಭಿಸಿದೆ. ಮಲಗುವ ಕೋಣೆ ಚಿಕ್ಕದು. ನಾದ ಒಂದು ತೊಟ್ಟೂ ಹೊರಗೆ ಸೋರಬಾರದೆಂದು ಕಿಟಕಿ ಬಾಗಿಲು ಮುಚ್ಚಿದೆ. ದಿಂಬಿನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡೆ. ಕಮಾನಿನ ಕೂದಲಿಗೆ ರಾಳ ಉಜ್ಜದಿದ್ದರೆ ಪಿಟೀಲು ಮೂಕ, ಕೂದಲು ತಂತಿಯ ಮೇಲೆ ಸುಮ್ಮನೆ ಜಾರುತ್ತದೆ. ನಾನು ಹೊಸ ರಾಳದ ಗಟ್ಟಿಯನ್ನೇ ತೆಗೆದು, ರೋಗಿಗೆ ಕಡಿಮೆಯಾಗಬಾರದೆಂದು ಧಾರಾಳವಾಗಿ ಉಜ್ಜಿದೆ. ಕಮಾನು ಎಳೆದರೆ ಬಿಳಿಯ ಪುಡಿ ಹೊಗೆಯಂತೆ ಎದ್ದು ಹೊದಿಕೆಯ ಮೇಲೆ ಇಳಿಯುತ್ತಿತ್ತು. ನೋಡಲು ಎಷ್ಟು ಚಂದ!

ಮೊದಲ ದಿನ ಕಣ್ಣೀರು ಸುರಿಯಿತು. ಮದ್ದು ಹಿಡಿಯಿತು ಎಂದು ಹಿಗ್ಗಿದೆ. ಮಾರನೆಯ ದಿನ ಸೀನು ಶುರುವಾಯಿತು, ಅದೂ ತಾಳಕ್ಕೆ ಸರಿಯಾಗಿ ಬೀಳದ ಸೀನು. ಆಮೇಲೆ ಕಣ್ಣು ಊದಿದವು, ಕೆನ್ನೆ ಕೆಂಪೇರಿತು, ಪಾದದ ಪಟ್ಟಿಯ ಕೆಳಗೆ ನವೆ ಹತ್ತಿ ಬೊಬ್ಬೆಗಳೆದ್ದವು. ಒಳಗಿನ ದುಃಖವೆಲ್ಲ ಹೊರಗೆ ಬರುತ್ತಿದೆ ಎಂದು ನಾನು ವ್ಯಾಖ್ಯಾನ ಕೊಟ್ಟೆ. ನೀನೂ ಒಂದು ದಿನ ವಿಶ್ರಾಂತಿ ತೆಗೆದುಕೋ, ಕೈ ನೋಯುತ್ತಿರಬೇಕು ಎಂದು ಇವರು ಉಬ್ಬಸ ಪಡುತ್ತಲೇ ಹೇಳಿದರು. ಆ ಸ್ಥಿತಿಯಲ್ಲೂ ನನ್ನ ಕೈಯ ಚಿಂತೆ! ನನ್ನ ಹೃದಯ ತುಂಬಿ ಬಂದು, ಅಂದು ಒಂದು ಗಂಟೆ ಹೆಚ್ಚು ನುಡಿಸಿದೆ.

ಬೇರೆ ಊರಿನಲ್ಲಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಅಪ್ಪನನ್ನು ನೋಡಲು ಬಂದವಳು ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಳು. "ಅಮ್ಮ, ಅಪ್ಪನಿಗೆ ಪೆಟ್ಟಾಗಿದ್ದು ಕಾಲಿಗೋ ಮುಖಕ್ಕೋ?" ಎಂದಳು. ಚಿಕಿತ್ಸೆಯ ವಿವರ ಕೇಳುವ ವ್ಯವಧಾನವೂ ಅವಳಿಗಿರಲಿಲ್ಲ. ಕಾರು ಕರೆಸಿ, ಅಪ್ಪನನ್ನೂ ಹಿಂದೆ ಹಿಂದೆ ಬಂದ ನನ್ನನ್ನೂ ತುಂಬಿಕೊಂಡು ಚರ್ಮದ ಡಾಕ್ಟರ ಬಳಿಗೆ ಹೊರಟಳು.

ಆ ಡಾಕ್ಟರು ಉಬ್ಬಸಕ್ಕೆ ಔಷಧಿ ಕೊಟ್ಟು, ಪಟ್ಟಿ ಬಿಚ್ಚಿಸಿ, ಎರಡು ದಿನ ಅಲ್ಲೇ ಉಳಿಸಿಕೊಂಡರು. ಮೈ ತಹಬಂದಿಗೆ ಬಂದ ಮೇಲೆ ಮೈಗೆ ಯಾವುದು ಒಗ್ಗುವುದಿಲ್ಲ ಎಂದು ನೋಡಲು ಇವರ ಬೆನ್ನಿನ ಮೇಲೆ ಬಗೆಬಗೆಯ ವಸ್ತುಗಳ ಪುಟ್ಟ ಬಿಲ್ಲೆಗಳನ್ನು ಅಂಟಿಸಿ, ನೀರು ತಾಗಿಸಬೇಡಿ ಎಂದು ಮನೆಗೆ ಕಳಿಸಿದರು. ಕಾಲು, ಬೆನ್ನಿನ ನೆಪದಲ್ಲಿ ಇವರು ಮಹಡಿ ಹತ್ತಲಿಲ್ಲ, ಮಗಳ ಕಾವಲಿನಿಂದ ನಾನು ಪಿಟೀಲು ಮುಟ್ಟಲಿಲ್ಲ. ಹೇಳಿದ ದಿನ ಹೋಗಿ ಬಿಲ್ಲೆ ತೆಗೆಸಿದಾಗ ಒಂದೇ ಒಂದು ಜಾಗ ಕೆಂಪಗೆ ಉಬ್ಬಿತ್ತು.

ಪೈನ್ ಮರದ ಅಂಟಿನಿಂದ ಮಾಡುವ ಒಂದು ವಸ್ತು ಇವರಿಗೆ ಆಗಿಬರುವುದಿಲ್ಲ, ಪಾದಕ್ಕೆ ಹಾಕಿದ್ದ ಪಟ್ಟಿಯ ಅಂಟಿನಲ್ಲೂ ಅದೇ ಇದೆ ಎಂದು ಡಾಕ್ಟರು ವಿವರಿಸಿದರು. ಆದರೆ ಕಣ್ಣು, ಮೂಗು, ಉಸಿರು ಇಷ್ಟು ಕೆಡಬೇಕಾದರೆ ಅದರ ಪುಡಿ ಗಾಳಿಯಲ್ಲಿ ಹಾರುತ್ತಿರಬೇಕು. ಮನೆಯಲ್ಲಿ ಮರಕ್ಕೆ ಪಾಲಿಶ್ ಹಾಕುತ್ತೀರಾ, ಬೆಸುಗೆ ಹಾಕುತ್ತೀರಾ ಎಂದು ಕೇಳಿದರು. ನಮ್ಮದು ಸಂಗೀತಗಾರರ ಮನೆ, ಅಂಥ ಕೊಳಕು ಕಸುಬು ಯಾವುದೂ ಇಲ್ಲ ಎಂದು ನಾನು ಗತ್ತಿನಿಂದ ಹೇಳಿದೆ.

ಡಾಕ್ಟರು ನನ್ನನ್ನೇ ನೋಡುತ್ತಿದ್ದರು. ಅಂದು ಬೆಳಿಗ್ಗೆ ಮಗಳ ಕಣ್ಣು ತಪ್ಪಿಸಿ ಮಹಡಿಯಲ್ಲಿ ಸ್ವಲ್ಪ ಕೈ ಆಡಿಸಿ ಬಂದಿದ್ದೆ.

"ನಿಮ್ಮ ತೋಳಿನ ಮೇಲೆ ಬೆಳ್ಳಗೆ ಅದೇನಮ್ಮ ಅದು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಹೆಗಲನ್ನೂ ಮುಟ್ಟಿದೆ, ತೋಳನ್ನೂ ಮುಟ್ಟಿದೆ. "ಇದಾ? ಏನಿಲ್ಲ ಡಾಕ್ಟ್ರೇ, ಕಮಾನಿಗೆ ಉಜ್ಜೋ ರಾಳದ ಪುಡಿ. ಪೈನ್ ಮರದ..." ಎಂದವಳು ಅಲ್ಲೇ ನಾಲಿಗೆ ಕಚ್ಚಿಕೊಂಡೆ.

ಮಗಳು ಗೋಡೆಯ ಕಡೆ ತಿರುಗಿ ನಿಂತಳು, ಅವಳ ಬೆನ್ನು ಮಾತ್ರ ಕುಲುಕುತ್ತಿತ್ತು. ಇವರು ತಮ್ಮ ಪಾದ ನೋಡಿಕೊಂಡರು. ಈ ತೊಂದರೆ ಎಷ್ಟು ವರ್ಷದಿಂದ ಇದೆ ಎಂದು ಡಾಕ್ಟರು ಕೇಳಿದಾಗ ಇವರು ನನ್ನ ಮುಖ ನೋಡಿ, ಬಹಳ ಮೆಲ್ಲಗೆ, "ಮದುವೆಗೆ ಸ್ವಲ್ಪ ಮುಂಚಿನಿಂದ" ಎಂದರು.

ಮನೆಗೆ ಬಂದು ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು, ಮಹಡಿಯ ಕಪಾಟಿನಲ್ಲಿ ಬೀಗ ಹಾಕಿದೆ. ಪಾಠಕ್ಕೆ ಬಂದ ಮಕ್ಕಳನ್ನು ಸ್ವಲ್ಪ ದಿನ ರಜೆ ಎಂದು ವಾಪಸು ಕಳಿಸಿದೆ. ಮಗಳು ಆಗಲೇ ದೊಡ್ಡಮ್ಮನಿಗೆ ಸುದ್ದಿ ಮುಟ್ಟಿಸಿದ್ದಳು. ಅಕ್ಕ ಫೋನು ಮಾಡಿ ಮೊದಲು ಇವರ ಆರೋಗ್ಯ ವಿಚಾರಿಸಿದಳು, ಆಮೇಲೆ ನಗಲು ಶುರುಮಾಡಿದಳು. ಪಾಪ, ತಡೆದುಕೊಳ್ಳಲು ಪ್ರಯತ್ನ ಪಟ್ಟಳು. ಅಷ್ಟು ವರ್ಷದ ಬಾಕಿ ನಗು, ಎಲ್ಲಿ ತಡೆಯುತ್ತದೆ!

ಹೊರಗಿನವರಿಗೆ ಇದು ತಮಾಷೆ. ನಾನು ಮಾತ್ರ ಒಂದೊಂದೇ ಹಳೆಯ ಸಂಜೆಯನ್ನು ನೆನೆಸಿಕೊಂಡು, ಅದರಲ್ಲಿ ರಾಳ ಎಷ್ಟು, ನಾನೆಷ್ಟು ಎಂದು ತೂಗುತ್ತ ಕೂತೆ. ಮಗಳು ಹುಟ್ಟಿದ ಮೇಲೆ ಮೊದಲ ಸಲ ಪಿಟೀಲು ಎತ್ತಿದಾಗ ಇವರು ಅತ್ತಿದ್ದರು. ಅದೂ ರಾಳ. ಅಮ್ಮ ತೀರಿಹೋದ ವಾರ ನನಗೆ ಒಂದು ಹನಿಯೂ ಅಳು ಬಂದಿರಲಿಲ್ಲ. ಒಂದು ಸಂಜೆ ಅಮ್ಮನಿಗೆ ಇಷ್ಟವಾದದ್ದನ್ನು ನುಡಿಸಿದೆ, ಎದುರಿಗೆ ಇವರು ಬಿಕ್ಕಿ ಬಿಕ್ಕಿ ಅತ್ತರು, ಅದನ್ನು ನೋಡಿ ನನಗೂ ಅಳು ಒಡೆದು ಬಂತು. ನನ್ನ ಜೊತೆ ಅತ್ತವರು ಇವರೊಬ್ಬರೇ ಎಂದು ಇಷ್ಟು ವರ್ಷ ಆ ಸಂಜೆಯನ್ನು ಎದೆಗೆ ಒತ್ತಿಕೊಂಡಿದ್ದೆ. ಅದೂ ಪೈನ್ ಮರದ ಅಂಟೇ? ಎಲ್ಲಕ್ಕಿಂತ ಹೆಚ್ಚಾಗಿ ಆ ಮೊದಲ ಶನಿವಾರ. ಅದು ಸುಳ್ಳಾದರೆ ನಾನು ಮದುವೆಯಾದದ್ದು ಯಾರನ್ನು?

ಮುಖದ ಊತ ಇಳಿದು, ಕಾಲು ಊರುವಂತಾದ ದಿನ ಇವರು ಕುಂಟುತ್ತ ಅಡುಗೆಮನೆಗೆ ಬಂದು ಮಣೆಯ ಮೇಲೆ ಕೂತರು. ಮನೆ ಬಿಕೋ ಅನ್ನುತ್ತಿದೆ, ಪಿಟೀಲು ಯಾಕೆ ತೆಗೆಯುತ್ತಿಲ್ಲ ಎಂದು ಕೇಳಿದರು. ಪಾತ್ರೆಯನ್ನು ಬೇಕಿದ್ದಕ್ಕಿಂತ ಜೋರಾಗಿ ಇಟ್ಟೆ.

"ಸುಮ್ನಿರಿ. ಆ ಮೊದಲನೇ ದಿನ ನಿಮಗೆ ಏನನ್ನಿಸಿತ್ತು, ನಿಜ ಹೇಳಿ."

"ಕಣ್ಣು ಉರೀತು. ಕಸ ಬಿತ್ತೇನೋ ಅಂದ್ಕೊಂಡೆ."

"ಸಂಗೀತ?"

"ನನಗೆಲ್ಲಿ ಗೊತ್ತಾಗುತ್ತೆ ಅದು? ನೀವೆಲ್ಲ ರಸಿಕ ಅಂದ್ರಿ. ನಾನೂ ನಂಬ್ಬಿಟ್ಟೆ."

ಈ ಮಾತು ಹೇಳುವಾಗ ಇವರ ಮುಖದಲ್ಲಿ ಒಂದಿಷ್ಟೂ ಕಪಟವಿರಲಿಲ್ಲ, ಅದೇ ನನ್ನನ್ನು ಇನ್ನಷ್ಟು ಚುಚ್ಚಿತು. ಹಾಗಾದರೆ ಮುಂದಿನ ಶನಿವಾರ ಮತ್ತೆ ಯಾಕೆ ಬಂದಿರಿ, ಉರಿಸಿಕೊಳ್ಳುವ ಶೋಕಿಯೇ ಎಂದು ಕೇಳಿದೆ.

ಇವರು ಪಾರ್ಸಲು ತೂಗುವಾಗ ಮುಳ್ಳು ನಿಲ್ಲುವ ತನಕ ಕಾಯುವ ಮನುಷ್ಯ, ಮಾತೂ ಹಾಗೆಯೇ.

"ಮೂರನೇ ವಾರ ಬಂದಾಗ ಹಿಂದಿನ ಬೆಂಚಲ್ಲಿ ಕೂತು ನೋಡ್ದೆ ಕಣೇ. ಅಲ್ಲಿ ಕಣ್ಣು ಉರೀಲೇ ಇಲ್ಲ, ಆರಾಮಾಗಿತ್ತು. ಆದ್ರೆ ಮುಂದೆ ದೊಡ್ಡ ಆಸಾಮಿ ಒಬ್ಬ ಕೂತಿದ್ದ, ನೀನು ಕಾಣ್ತಿರಲಿಲ್ಲ. ಅದಕ್ಕೇ ಎದ್ದು ಬಂದು ಮತ್ತೆ ಮುಂದೆ ಕೂತೆ."

ನಾನು ಒಲೆಯ ಕಡೆ ತಿರುಗಿಕೊಂಡೆ. ಕೈಯಲ್ಲಿದ್ದ ಸೌಟು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅಮ್ಮನಿಗಾಗಿ ನುಡಿಸಿದ ಆ ಸಂಜೆಯ ವಿಷಯ ಕೇಳುವ ಧೈರ್ಯ ನನಗಿರಲಿಲ್ಲ, ನಾನು ಕೇಳಲೂ ಇಲ್ಲ. ಇವರೇ ಹೇಳಿದರು, ಅವತ್ತು ನೀನು ಪಿಟೀಲು ಕೆಳಗಿಟ್ಟ ಮೇಲೂ ನಿಲ್ಲಲಿಲ್ಲ ನನ್ನ ಅಳು, ಅದಕ್ಕೆ ಡಾಕ್ಟರು ಏನು ಹೇಳುತ್ತಾರೋ ನೋಡು ಎಂದು.

ಮಗಳು ಹೋಗಿ ಪೈನ್ ಅಂಟಿಲ್ಲದ, ಪುಡಿಯೇಳದ ಹೊಸ ಬಗೆಯ ಗಟ್ಟಿ ಹುಡುಕಿ ತಂದಳು. ಹಳೆಯ ರಾಳ ಹಿಡಿದ ಕೂದಲು ತೆಗೆಸಿ ಕಮಾನಿಗೆ ಬೇರೆ ಕೂದಲು ಹಾಕಿಸಿದೆ, ಪಿಟೀಲನ್ನೂ ಮಹಡಿಯ ಕೋಣೆಯನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಸಂಜೆಯ ಹೊತ್ತು ಕಿಟಕಿಗಳನ್ನೆಲ್ಲ ತೆರೆದು, ಇವರನ್ನು ಎದುರಿಗೆ ಕೈಯಿರುವ ಕುರ್ಚಿಯಲ್ಲಿ ಕೂರಿಸಿ, ಆ ಮೊದಲ ಶನಿವಾರದ ರಾಗವನ್ನೇ ಎತ್ತಿಕೊಂಡೆ. ನಿಜ ಹೇಳುತ್ತೇನೆ, ಯಾವ ಸಭೆಯಲ್ಲೂ ಅಷ್ಟು ಎದೆ ಹೊಡೆದುಕೊಂಡಿರಲಿಲ್ಲ. ಒಂದೇ ಒಂದು ಹನಿ ಸಾಕು, ಅದು ನನ್ನದೇ ಸ್ವಂತದ್ದು ಎಂದು ಅಕ್ಕನಿಗೆ ಈಗಲೇ ಫೋನು ಮಾಡುತ್ತೇನೆ ಎಂದುಕೊಂಡೆ. ಕಣ್ಣು ಮುಚ್ಚಿ ನುಡಿಸಿದೆ. ಅಷ್ಟು ಚೆನ್ನಾಗಿ ನಾನು ಹಿಂದೆಂದೂ ನುಡಿಸಿರಲಿಲ್ಲ.

ರಾಗ ಮೇಲೇರುವಲ್ಲಿ ಎದುರಿನಿಂದ ಸಣ್ಣದೊಂದು ಸದ್ದು ಬಂತು. ಬಿಕ್ಕುತ್ತಿದ್ದಾರೆ! ನನ್ನ ಮೈ ಜುಂ ಎಂದಿತು. ಮತ್ತೊಂದು ಸಲ ಬಂತು, ಇನ್ನೂ ಆಳದಿಂದ. ಗೆದ್ದೆ ಎಂದು ಕಣ್ಣು ತೆರೆದೆ.

ಇವರ ಕಣ್ಣು ಒಣಗಿತ್ತು, ಮುಚ್ಚಿಯೂ ಇತ್ತು. ತಲೆ ಒಂದು ಪಕ್ಕಕ್ಕೆ ವಾಲಿ, ಬಾಯಿ ಚೂರು ತೆರೆದುಕೊಂಡು, ಗೊರಕೆ ನಿಧಾನವಾಗಿ ಏರಿ ಇಳಿಯುತ್ತಿತ್ತು. ಕಮಾನು ನಿಲ್ಲಿಸಿದರೆ ಎಚ್ಚರವಾದೀತೆಂದು ನಾನು ಮೆಲ್ಲಗೆ ನುಡಿಸುತ್ತಲೇ ಇದ್ದೆ. ನನಗೆ ಕಣ್ಣು ಮಂಜಾಗಿ ಎದುರಿನ ಕುರ್ಚಿ ಸರಿಯಾಗಿ ಕಾಣಿಸುತ್ತಿರಲಿಲ್ಲ.

ಬಾಗಿಲಲ್ಲಿ ನಿಂತು ಅಪ್ಪನನ್ನೂ ನನ್ನನ್ನೂ ನೋಡಿದ ಮಗಳು, "ಅಮ್ಮ, ಹಳೇ ರಾಳಾನೇ ವಾಪಸ್ ತರ್ಲಾ?" ಎಂದು ಪಿಸುಗುಟ್ಟಿದಳು. "ಅದರಲ್ಲಾದ್ರೆ ಅಪ್ಪ ಎಚ್ಚರವಾಗಾದ್ರೂ ಇರ್ತಿದ್ರು."