ಇನ್ನೂ ಒಣಗದ ಸೈಕಲ್ಲು

ನಮ್ಮನೇಲಿ ಯಾರಾದ್ರೂ ಒಂದು ಸಾಮಾನು ತರೋಕೆ ಅಂತ ತಿಪಟೂರಿಗೆ ಹೋದ್ರೆ, ಸಾಮಾನು ಬರುತ್ತೋ ಬಿಡುತ್ತೋ, ಒಂದು ಕತೆಯಂತೂ ಬಂದೇ ಬರುತ್ತೆ. ಸೀಮೆಎಣ್ಣೆ ಸ್ಟೌ ತರೋಕೆ ಹೋದಾಗ್ಲೂ ಹಂಗೇ ಆಯ್ತು, ಚಿಕ್ಕಮ್ಮನ ಕನ್ನಡಕ ತರೋಕೆ ಹೋದಾಗ್ಲೂ ಹಂಗೇ. ಅವನ್ನೆಲ್ಲ ಅಪ್ಪ ಹೇಳ್ತಾನೆ, ಎಲ್ರೂ ನಗ್ತಾರೆ, ನಾನು ಮೂಲೇಲಿ ಪುಸ್ತಕ ಹಿಡ್ಕೊಂಡು ಕೂತಿರ್ತೀನಿ. ಆದ್ರೆ ಸೈಕಲ್ ಕತೆ ಮಾತ್ರ ನಾನೇ ಹೇಳ್ಬೇಕು. ಅಪ್ಪ ಹೇಳಿದಾಗೆಲ್ಲ ಕೊನೇಲಿ ನಾನು ಗೋಳೋ ಅಂತ ಅತ್ತೆ ಅಂತ ಸೇರಿಸ್ತಾನೆ. ನಾನು ಅಳಲಿಲ್ಲ.

ಎಸ್ಸೆಲ್ಸಿ ಪಾಸಾಗಿದ್ದೆ. ಕಾಲೇಜು ಇರೋದು ತಿಪಟೂರಲ್ಲಿ, ನಮ್ಮೂರಿಂದ ಏಳು ಮೈಲಿ. ಸೈಕಲ್ ಇದ್ರೆ ಮನೆಯಿಂದಲೇ ಓಡಾಡ್ಬಹುದು. ಇಲ್ಲಾಂದ್ರೆ ಅಲ್ಲಿ ಸೋದರಮಾವನ ಮನೇಲಿ ಇರ್ಬೇಕು. ಮಾವನ ಮನೇಲಿ ಹನ್ನೊಂದು ಜನ, ಒಂದು ಬಲ್ಬು, ಒಂದು ರೇಡಿಯೋ. ಅಲ್ಲಿ ಪುಸ್ತಕ ತೆಗೆದ್ರೆ ಸಾಕು, "ಯಾಕ್ಲಾ, ಮೈ ಹುಷಾರಿಲ್ವಾ?" ಅಂತಾರೆ.

ಅಂಥಾದ್ರಲ್ಲಿ ಒಂದಿನ ಜೀಪಲ್ಲಿ ಮೈಕ್ ಕಟ್ಕೊಂಡು ಬಂದ್ರು. "ತಿಪಟೂರಲ್ಲಿ ಸೈಕಲ್ ಪ್ರದರ್ಶನ!" ಅಪ್ಪ ಅಂದ, "ನಡಿ. ನನ್ನೆದುರಿಗೆ ಒಂದು ಸುತ್ತು ಓಡಿಸಿ ತೋರ್ಸು, ಕೊಡಿಸ್ತೀನಿ." ನಾನು ಹೂಂ ಅಂದ್ಬಿಟ್ಟೆ. ಲೈಬ್ರರೀಲಿದ್ದ ಸೈಕಲ್ ಪುಸ್ತಕ ಮೂರು ಸಲ ಓದಿದ್ದೆನಲ್ಲ!

ಎಲ್ಲಾ ನಿಂತವೆ

ಪ್ರದರ್ಶನ ಅಂದ ಕೂಡ್ಲೇ ಅಜ್ಜಿನೂ ಹೊರಟ್ಲು. ನಮ್ಮ ಕಡೆ ಸೈಕಲ್ ಪ್ರದರ್ಶನ ಅಂದ್ರೆ ಬೇರೆ. ಒಬ್ಬ ಬಂದು ಒಂದು ವಾರ ನೆಲಕ್ಕೆ ಕಾಲಿಡದೆ ಗಿರಗಿರ ಸುತ್ತೋದು, ಸೈಕಲ್ ಮೇಲೇ ಊಟ, ಸೈಕಲ್ ಮೇಲೇ ಸ್ನಾನ, ಕೊನೇ ದಿನ ಎದೆ ಮೇಲೆ ಟ್ಯೂಬ್‌ಲೈಟ್ ಒಡೆಯೋದು.

ಹೈಸ್ಕೂಲ್ ಮೈದಾನದಲ್ಲಿ ಶಾಮಿಯಾನ ಹಾಕಿದ್ರು. ಒಳಗೆ ಮೂವತ್ತು ಹೊಸ ಸೈಕಲ್ಲು ಸ್ಟ್ಯಾಂಡ್ ಹಾಕ್ಕೊಂಡು ಸಾಲಾಗಿ ನಿಂತಿದ್ವು. ಅಜ್ಜಿ ಈ ತುದಿಯಿಂದ ಆ ತುದಿಗೆ ಹೋಗಿ ಬಂದ್ಲು. ಬೆಂಗ್ಳೂರಿಂದ ಬಂದಿದ್ದ ಕಂಪನಿಯವನ ಮುಂದೆ ಸೊಂಟದ ಮೇಲೆ ಕೈಯಿಟ್ಕೊಂಡು ನಿಂತ್ಲು.

"ಏನಪ್ಪಾ, ಬಸ್ ಚಾರ್ಜ್ ಕೊಟ್ಟು ಬಂದಿದೀವಿ. ಎಲ್ಲಾ ನಿಂತವೆ, ಒಂದೂ ಸುತ್ತಾ ಇಲ್ವಲ್ಲ?"

"ನೋಡೋಕೆ ಇಟ್ಟಿರೋದು ಅಜ್ಜಿ."

"ನಿಂತಿರೋ ಸೈಕಲ್ ನಮ್ಮೂರಲ್ಲೂ ಐತೆ ಕಣಪ್ಪ. ಟ್ಯೂಬ್‌ಲೈಟ್ ಎಷ್ಟೊತ್ತಿಗೆ ಒಡೀತೀಯ, ಅದ್ ಹೇಳು."

ಆ ಮನುಷ್ಯ ಮೇಲೆ ಕಂಬಕ್ಕೆ ಕಟ್ಟಿದ್ದ ಟ್ಯೂಬ್‌ಲೈಟ್ ಕಡೆ ಒಂದ್ಸಲ ಗಾಬರಿಯಿಂದ ನೋಡಿದ.

ಯಾವ ವೀಲು

ಹೊಸಬರ ಮುಂದೆ ನನಗೆ ಬಾಯೇ ಬರಲ್ಲ. ಏನಾದ್ರೂ ಕೇಳ್ಬೇಕಂದ್ರೆ ಅಪ್ಪನ ಕಿವೀಲಿ ಹೇಳ್ತೀನಿ, ಅಪ್ಪ ಗಟ್ಟಿಯಾಗಿ ಕೇಳ್ತಾನೆ. ತುಳಿಯೋದು ನಿಲ್ಲಿಸಿದ್ರೂ ಚಕ್ರ ತಿರುಗೋಕೆ ಬಿಡೋ ಭಾಗಕ್ಕೆ ಫ್ರೀ ವೀಲ್ ಅಂತಾರೆ ಅಂತ ಪುಸ್ತಕದಲ್ಲಿ ಓದಿದ್ದನ್ನ ನೆನೆಸ್ಕೊಂಡು ಅವತ್ತೂ ಪಿಸುಗುಟ್ಟಿದೆ, "ಫ್ರೀ ವೀಲ್ ಹೆಂಗೈತೆ ಕೇಳಪ್ಪ."

ಅಪ್ಪನ ಮುಖ ಅರಳ್ತು. "ಸ್ವಾಮಿ, ಒಂದು ವೀಲ್ ಫ್ರೀ ಅಂತಲ್ಲ? ಮುಂದಿಂದೋ ಹಿಂದಿಂದೋ?"

"ಹಿಂದಿಂದು ಯಜಮಾನ್ರೇ."

"ಹಂಗಾದ್ರೆ ಮುಂದಿಂದಕ್ಕೆ ಮಾತ್ರ ರೇಟ್ ಹೇಳಿ."

ಅಲ್ಲಾಡಿಸಿ ನೋಡೋದು

ಅಪ್ಪನಿಗೆ ಗೊತ್ತಿರೋದು ಕೊಬ್ಬರಿ ಒಂದೇ. ವರ್ಷಪೂರ್ತಿ ಅಟ್ಟದ ಮೇಲಿಟ್ಟ ಕಾಯಿ ತಗೊಂಡು ಕಿವಿ ಹತ್ರ ಅಲ್ಲಾಡಿಸ್ತಾನೆ. ಒಳಗೆ ಗುಡುಗುಡು ಅಂದ್ರೆ ಒಣಗಿ ಕೊಬ್ಬರಿ ಆಗಿದೆ, ಒಡೀಬಹುದು. ಸದ್ದಿಲ್ಲ ಅಂದ್ರೆ ಹಸಿ, ಮತ್ತೆ ಅಟ್ಟಕ್ಕೆ.

ಕಂಪನಿಯವನು ನಾನು ಕಣ್ಣಿಟ್ಟಿದ್ದ ಹಸಿರು ಸೈಕಲ್ ಎತ್ತಿ ದೊಪ್ಪಂತ ನೆಲಕ್ಕೆ ಬಿಟ್ಟ. "ನೋಡಿ ಯಜಮಾನ್ರೇ, ಒಂಚೂರಾದ್ರೂ ಸದ್ದು ಬಂತಾ?"

ಅಪ್ಪ ತಾನೂ ಎತ್ತಿದ. ಕಿವಿ ಹತ್ರ ಹಿಡಿದು ಅಲ್ಲಾಡಿಸಿದ. ಕಣ್ಣು ಮುಚ್ಚಿ ಇನ್ನೊಂದ್ಸಲ ಅಲ್ಲಾಡಿಸಿದ. ಆಮೇಲೆ ಮೆತ್ತಗೆ ಕೆಳಗಿಟ್ಟ.

"ಬ್ಯಾಡ ಬುಡಿ. ಇನ್ನೂ ಹಸಿ ಐತೆ."

ಇವತ್ತಿಗೂ ಅಪ್ಪ ಅದನ್ನ ನಿಜವಾಗಿ ಹೇಳಿದ್ನೋ, ಆ ಮನುಷ್ಯನನ್ನ ಆಡಿಸೋಕೆ ಹೇಳಿದ್ನೋ ನನಗೆ ಗೊತ್ತಿಲ್ಲ. ನನ್ನ ಎದೆ ಮಾತ್ರ ಗುಡುಗುಡು ಅಂತಿತ್ತು. ಮಾವನ ಮನೆ ರೇಡಿಯೋ ಕಿವೀಲಿ ಶುರುವಾಗೇ ಹೋಯ್ತು.

ಮರ ಇಲ್ಲದ ಮೈದಾನ

ಕಂಪನಿಯವನು ಬಿಡ್ತಾನಾ? "ಹುಡುಗ ಓಡಿಸಿ ನೋಡ್ಲಿ ಯಜಮಾನ್ರೇ" ಅಂತ ನನ್ನ ಸೀಟ್ ಮೇಲೆ ಕೂರಿಸಿ ಹಿಂದಿಂದ ತಳ್ಳೇಬಿಟ್ಟ.

ಇಲ್ಲೊಂದು ವಿಷಯ ಹೇಳ್ಬೇಕು. ನಾನು ಸೈಕಲ್ ಕಲ್ತಿದ್ದು ನಮ್ಮ ತೋಟದಲ್ಲಿ, ಪಕ್ಕದ್ಮನೆಯವರ ಸೈಕಲ್ಲಲ್ಲಿ. ಹತ್ತಬೇಕಾದ್ರೆ ಒಂದು ತೆಂಗಿನ ಮರ ಹಿಡ್ಕೊಂಡು ಹತ್ತೋದು, ಇಳೀಬೇಕಾದ್ರೆ ಇನ್ನೊಂದು ತೆಂಗಿನ ಮರ ತಬ್ಕೊಂಡು ಇಳಿಯೋದು. ಎತ್ತ ತಿರುಗಿದ್ರೂ ಮರ. ಬ್ರೇಕ್ ಹಿಡಿದ್ರೆ ಸೈಕಲ್ ನಿಲ್ಲುತ್ತೆ, ಆದ್ರೆ ನನ್ನ ಕಾಲು ನೆಲಕ್ಕೆ ಎಟುಕಲ್ಲ. ಮರ ಇಲ್ದಿರೋ ಜಾಗದಲ್ಲಿ ಹೆಂಗೆ ಇಳಿಯೋದು ಅಂತ ಆ ಪುಸ್ತಕದಲ್ಲಿ ಬರೆದಿರಲಿಲ್ಲ.

ಮೈದಾನದಲ್ಲಿ ಒಂದೂ ಮರ ಇರಲಿಲ್ಲ.

ಒಂದು ಸುತ್ತು ಹಾಕಿದೆ. ಅಪ್ಪ ತಲೆದೂಗಿದ. "ಸಾಕು, ಬಾ" ಅಂದ. ನಾನು ಮುಂದೆ ಹೋದೆ. ಮೂರನೇ ಸುತ್ತಿಗೆ "ಸಾಕು ಕಣ್ಲಾ!" ಅಂದ. ಏಳನೇ ಸುತ್ತಿಗೆ ಶಾಮಿಯಾನದಲ್ಲಿದ್ದ ಜನ ಎಲ್ಲಾ ಹೊರಗೆ ಬಂದು ಸುತ್ತ ನಿಂತ್ಕೊಂಡ್ರು. "ಪ್ರದರ್ಶನ ಶುರುವಾಯ್ತು ಬರ್ರಲಾ!" ಅಂತ ಯಾರೋ ಕೂಗಿದ್ರು. ಅಜ್ಜಿಗೋ ಹಿಗ್ಗೇ ಹಿಗ್ಗು. "ನನ್ನ ಮೊಮ್ಮಗ ಕಣ್ರೀ!" ಅಂತ ಎಲ್ರಿಗೂ ಹೇಳಿ, ಸಿಪ್ಪೆ ಸುಲಿದ ಬಾಳೆಹಣ್ಣು ಹಿಡ್ಕೊಂಡು ಪಕ್ಕದಲ್ಲೇ ಓಡೋಕೆ ಶುರುಮಾಡಿದ್ಲು. "ಬಾಯಿ ತೆಗೀಲಾ, ಕಾಲು ಮಾತ್ರ ಕೆಳಗಿಡಬ್ಯಾಡ!"

ಬಾಯಲ್ಲಿ ಬಾಳೆಹಣ್ಣು ಇಟ್ಕೊಂಡೇ, ಜೀವಮಾನದಲ್ಲಿ ಮೊದಲನೇ ಸಲ ಅಷ್ಟು ಜನರ ಮುಂದೆ ಕೂಗಿದೆ: "ಅಪ್ಪಾ, ಮರಾ!"

ಬೇರೆ ಯಾರಿಗೂ ಅರ್ಥ ಆಗಲಿಲ್ಲ. ಅಪ್ಪನಿಗೆ ಆಯ್ತು. ಪಂಚೆ ಎತ್ತಿ ಕಟ್ಟಿ ಮೈದಾನದ ನಡುವೆ ಬಂದು ಕೈಯೆರಡೂ ಮೈಗೆ ಅಂಟಿಸ್ಕೊಂಡು ನೆಟ್ಟಗೆ ನಿಂತ. "ನಾನೇ ಮರ ಕಣ್ಲಾ, ತಬ್ಕೋ!"

ತಬ್ಕೊಂಡೆ. ನಾನು ನಿಂತೆ, ಸೈಕಲ್ ನಿಲ್ಲಲಿಲ್ಲ. ಅದು ಒಂದೇ ಹೋಗಿ ಶಾಮಿಯಾನದ ಕಂಬಕ್ಕೆ ಗುದ್ದಿತು. ಮೇಲಿಂದ ಟ್ಯೂಬ್‌ಲೈಟ್ ಕಳಚಿ ಬಿತ್ತು. ಫಟ್!

ಜನ ಚಪ್ಪಾಳೆ ಹೊಡೆದ್ರು. ಅಜ್ಜಿ ಕಂಪನಿಯವನಿಗೆ ಅಂದ್ಲು, "ಈಗ ಬಸ್ ಚಾರ್ಜಿಗೆ ಸಮ ಆಯ್ತಪ್ಪ."

ಆ ಮನುಷ್ಯ ಸೈಕಲ್ ಎತ್ತಿ ನಿಲ್ಲಿಸಿದ. ಮಡ್‌ಗಾರ್ಡ್ ಸಡಿಲ ಆಗಿತ್ತು, ಬೆಲ್ಲಿನ ಮುಚ್ಚಳ ನೇತಾಡ್ತಿತ್ತು. ನಾನು ಅಪ್ಪನ ಅಂಗೀಲಿ ಮುಖ ಮುಚ್ಕೊಂಡಿದ್ದೆ, ಅಷ್ಟೇ. ಅದಕ್ಕೇ ನಾನು ಅತ್ತೆ ಅಂತ ಅಪ್ಪ ಹೇಳೋದು. ಇನ್ನು ಮಾವನ ಮನೆಯೇ ಗತಿ ಅನ್ಕೊಂಡೆ.

ಅಪ್ಪ ಮೆಲ್ಲಗೆ ನನ್ನ ಬಿಡಿಸ್ಕೊಂಡು ಸೈಕಲ್ ಹತ್ರ ಹೋದ. ಎತ್ತಿ ಕಿವಿ ಹತ್ರ ಹಿಡಿದು ಅಲ್ಲಾಡಿಸಿದ. ಗುಡುಗುಡು ಗುಡುಗುಡು.

"ಹಾಂ, ಈಗ ಒಣಗೈತೆ ಸ್ವಾಮಿ" ಅಂದ. "ಬಿಲ್ ಬರೀರಿ."